ವಿಷಯ: ನೀವು ಕೂರಿಸಿದ ಸೂಪರ್‌ಚಾರ್ಜರ್ ಮತ್ತು ನಿಮ್ಮ ಕಪಾಟಿನಲ್ಲಿ ಸಿಕ್ಕ, ಏರ್ ಫಿಲ್ಟರ್ ಕೂರುವ ನನ್ನ ಏರ್‌ಬಾಕ್ಸ್

ಗ್ಯಾರೇಜಿನ ಮಾಲೀಕರಿಗೆ,

ನಮಸ್ಕಾರ. ಇಂಗ್ಲಿಷಿನಲ್ಲಿ ನಾಲ್ಕು ಇಮೇಲ್ ಕಳಿಸಿದೆ. ನಾಲ್ಕಕ್ಕೂ ಒಂದೇ ಉತ್ತರ ಬಂತು, ಅದೂ ಕಂಪ್ಯೂಟರ್ ತಾನಾಗೇ ಕಳಿಸಿದ್ದು. ಆರು ಸಲ ಫೋನ್ ಮಾಡಿದೆ. ಪ್ರತಿ ಸಲವೂ ನೀವು "ಲಿಫ್ಟ್ ಕೆಳಗೆ" ಇದ್ದಿರಿ. ಅಷ್ಟು ಹೊತ್ತು ಲಿಫ್ಟ್ ಕೆಳಗಿರುವ ಮಾಲೀಕರನ್ನು ನಾನು ಬೇರೆಲ್ಲೂ ನೋಡಿಲ್ಲ. ಹಾಗಾಗಿ ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ವ್ಯಾಪಾರ ಶುರುವಾಗಿದ್ದೂ ಕನ್ನಡದಲ್ಲೇ ಅಲ್ವಾ?

2022ರ ನವೆಂಬರ್. ಕನ್ನಡ ಕೂಟದ ರಾಜ್ಯೋತ್ಸವ, ಊಟದ ಸಾಲು. ಬಿಸಿಬೇಳೆ ಬಾತ್ ಬಡಿಸುವ ಹೊತ್ತಿಗೆ ನೀವೇ ಹತ್ತಿರ ಬಂದಿರಿ. "ಅಣ್ಣಾ, ಪಾರ್ಕಿಂಗಲ್ಲಿರೋ ಕೆಂಪು 86 ನಿಮ್ದಾ? ಸಕ್ಕತ್ತಾಗಿ ಇಟ್ಕೊಂಡಿದ್ದೀರ." ನನಗೂ ಉಬ್ಬಿಹೋಯಿತು, ಸುಳ್ಳು ಹೇಳಲ್ಲ. 2017ರ ಟೊಯೋಟಾ 86, ಮ್ಯಾನುಯಲ್ ಗೇರು, 2 ಲೀಟರ್ ಬಾಕ್ಸರ್ ಎಂಜಿನ್, 205 ಕುದುರೆ. ತಿರುವಿನಲ್ಲಿ ಅದರಷ್ಟು ಚೆನ್ನಾಗಿ ಓಡುವ ಕಾರು ಆ ದುಡ್ಡಿಗೆ ಇಲ್ಲ. ಒಂದೇ ಕೊರತೆ ಅಂದರೆ 4,000 ಆರ್‌ಪಿಎಂ ಹತ್ತಿರ ಟಾರ್ಕ್ ಸ್ವಲ್ಪ ಕುಸಿಯುತ್ತದೆ. ಸಾಂತಾ ಕ್ರೂಜ್ ಕಡೆಗೆ ಹೈವೇ 17ರ ಏರು ಹತ್ತುವಾಗ ಸರಿಯಾಗಿ ಅಲ್ಲೇ ಉಸಿರು ಕಟ್ಟುತ್ತದೆ. ಇದನ್ನು ಹೇಳಿದ್ದೇ ತಪ್ಪಾಯಿತು. ಮಜ್ಜಿಗೆ ಬರುವಷ್ಟರಲ್ಲಿ ನೀವು, ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ಶಕ್ತಿ ಏರಿಸುವ ಸೂಪರ್‌ಚಾರ್ಜರ್ ಮಾರಿಯಾಗಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ: ಇದು ಕ್ಯಾಲಿಫೋರ್ನಿಯಾದಲ್ಲಿ ಲೀಗಲ್ಲಾ? ನಿಮ್ಮ ಉತ್ತರ ನನಗೆ ಅಕ್ಷರಕ್ಷರ ನೆನಪಿದೆ. "ಅಣ್ಣಾ, ಕಣ್ಮುಚ್ಕೊಂಡು ಹಾಕ್ಸಿ. ಕಾರ್ಬ್ ಅಪ್ರೂವ್ಡ್. ಇಓ ನಂಬರ್ ಇದೆ. ಬಾನೆಟ್ ಒಳಗೆ ಸ್ಟಿಕರ್ ಅಂಟಿಸಿ ಕೊಡ್ತೀನಿ." ಕಾರ್ಬ್ ಅಂದರೆ ಈ ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್, ಇಓ ಅಂದರೆ ಅವರು ಕೊಡುವ ಎಕ್ಸಿಕ್ಯುಟಿವ್ ಆರ್ಡರ್. ಫಿಟ್ಟಿಂಗ್, ಟ್ಯೂನ್ (ಎಂಜಿನ್ ಸಾಫ್ಟ್‌ವೇರ್ ಹೊಂದಿಸುವುದು) ಎಲ್ಲ ಸೇರಿ 7,400 ಡಾಲರ್ ಕೊಟ್ಟೆ. ಸ್ಟಿಕರ್ ಅಂತೂ ಅಂಟಿಸಿದಿರಿ. ಆ ಮಾತು ಮಾತ್ರ ಉಳಿಸಿಕೊಂಡಿದ್ದೀರಿ.

ಎಂಟು ವರ್ಷ ತುಂಬುವವರೆಗೆ ಪೆಟ್ರೋಲ್ ಕಾರಿಗೆ ಇಲ್ಲಿ ಎರಡು ವರ್ಷಕ್ಕೊಮ್ಮೆಯ ಸ್ಮಾಗ್ ಚೆಕ್, ಅಂದರೆ ಹೊಗೆ ತಪಾಸಣೆ, ಬೇಡ, ಸುಮ್ನೆ ಶುಲ್ಕ ಕಟ್ಟಿದರೆ ಸಾಕು. ಅದಕ್ಕೇ ಇಷ್ಟು ದಿನ ವಿಷಯ ಹೊರಗೆ ಬರಲಿಲ್ಲ. ಈ ಸಲ ರಿಜಿಸ್ಟ್ರೇಷನ್ ನವೀಕರಣದ ಜೊತೆ ಸ್ಮಾಗ್ ಮಾಡಿಸಿ ಅಂತ ನೋಟಿಸ್ ಬಂತು. ಸ್ಮಾಗ್ ಸ್ಟೇಷನ್ನಿನ ಹುಡುಗ ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಸ್ಟಿಕರ್ ಓದಿದ. 'ಡಿ'ಯಿಂದ ಶುರುವಾಗುವ ಆ ನಂಬರನ್ನು ಏರ್ ರಿಸೋರ್ಸಸ್ ಬೋರ್ಡಿನ ಪಟ್ಟಿಯಲ್ಲಿ ಹುಡುಕಿ, ಪರದೆ ನನ್ನ ಕಡೆ ತಿರುಗಿಸಿದ. ಆ ಆರ್ಡರ್ ಇರುವುದು 2013ರಿಂದ 2016ರವರೆಗಿನ ಕಾರುಗಳಿಗೆ. ನನ್ನದು 2017.

ಒಂದು ವರ್ಷದ ವ್ಯತ್ಯಾಸ ಅಷ್ಟೇ ಅಲ್ವಾ ಅಂತ ನೀವು ಹೇಳಬಹುದು. ಹೇಳಿದಿರಿ ಕೂಡ. ಆದರೆ ಇಓ ಅನ್ನುವುದು ಇಂಥ ಕಿಟ್ಟು, ಇಂಥ ಕಾರು, ಇಂಥ ವರ್ಷ ಅಂತ ಹೆಸರು ಹಿಡಿದು ಕೊಡುವ ಅನುಮತಿ. ಪಕ್ಕದ ಮನೆಯವರ ರೇಷನ್ ಕಾರ್ಡಿನಲ್ಲಿ ನಮಗೆ ಅಕ್ಕಿ ಕೊಡುತ್ತಾರಾ? 2017ಕ್ಕೆ ಟೊಯೋಟಾದವರು ಮ್ಯಾನುಯಲ್ ಕಾರಿನ ಎಂಜಿನ್ನಿಗೆ ಕೈ ಹಾಕಿದರು, ಗಾಳಿ ಒಳಗೊಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡೇ ಬದಲಾಯಿತು. ಇದನ್ನು ನಾನು ನಿಮಗೆ ಹೇಳಿಕೊಡಬೇಕಾ?

ಆಮೇಲೆ ಆ ಹುಡುಗ ಕಾರಿನ ಕಂಪ್ಯೂಟರ್ ಓದುವ ಓಬಿಡಿ ಪ್ಲಗ್ ಸಿಕ್ಕಿಸಿದ. ಅಲ್ಲೂ ಫೇಲು. ಕಾರಿನಲ್ಲಿದ್ದ ಸಾಫ್ಟ್‌ವೇರ್ ಟೊಯೋಟಾ ಕಂಪನಿಯದ್ದೂ ಅಲ್ಲ, ಇಓ ಪಡೆದ ಕಿಟ್ಟಿನದ್ದೂ ಅಲ್ಲ. ನೀವು ಹೆಮ್ಮೆಯಿಂದ ಹಾಕಿಕೊಟ್ಟ "ನಮ್ಮ ಸ್ವಂತ ಟ್ಯೂನ್" ಅದು. 2021ರ ಜುಲೈ 19ರಿಂದ ಸ್ಮಾಗ್ ಚೆಕ್‌ನಲ್ಲಿ ಇದನ್ನೂ ನೋಡುತ್ತಾರೆ. ನೀವು ನನ್ನ ಕಾರು ಮುಟ್ಟಿದ್ದು 2022ರಲ್ಲಿ. ನಿಯಮ ಆಮೇಲೆ ಬಂತು ಅನ್ನುವ ಹಾಗೂ ಇಲ್ಲ.

ನಿಯಮದ ಮೇಲೆ ನನಗೆ ಕೋಪವಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಹೊಗೆ ಕುಡಿದು ಬೆಳೆದವನು ನಾನು. ಇಂಥ ನಿಯಮ ಇರಬೇಕು.

ಈಗ ಹೋದ ಶನಿವಾರದ ವಿಷಯ. ಸಮಾಧಾನವಾಗಿಯೇ ಬರೆಯಬೇಕು ಅಂತ ಕೂತಿದ್ದೇನೆ.

ಬೆಳಗ್ಗೆ ಹತ್ತೂವರೆಗೆ ಬಂದೆ. ಊರಿಂದ ಬಂದಿರುವ ನಮ್ಮ ಮಾವನೂ ಜೊತೆಗಿದ್ದರು. ಮೂವತ್ತು ವರ್ಷ ತುಮಕೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಆ ಕಾರಿನಿಂದ ಇಳಿಯುವುದಕ್ಕೇ ಅವರಿಗೆ ಎರಡು ನಿಮಿಷ ಬೇಕು. ನಾನು "ನಮಸ್ಕಾರ, ಚೆನ್ನಾಗಿದ್ದೀರಾ" ಅಂದೆ. ನೀವು ತಲೆ ಎತ್ತದೆ "ಹೌ ಕೆನ್ ಐ ಹೆಲ್ಪ್ ಯು, ಸರ್?" ಅಂದಿರಿ. ಊಟದ ಸಾಲಿನ ಅಣ್ಣ ಕೌಂಟರಿಗೆ ಬರುವಷ್ಟರಲ್ಲಿ ಸರ್ ಆಗಿದ್ದ. ನಾನು ಕನ್ನಡದಲ್ಲಿ ಕೇಳುತ್ತಾ ಹೋದೆ, ನೀವು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಿರಿ. ಅದೂ ಒಂದೊಂದೇ ಪದ ಬಿಡಿಸಿ, ಕಿವಿ ಕೇಳದವರಿಗೆ ಹೇಳುವ ಹಾಗೆ. "ಸರ್. ದಿಸ್. ಈಸ್. ಎ. ರೇಸ್. ಪ್ರಾಡಕ್ಟ್." ಸೋಫಾದಲ್ಲಿ ಕಾಯುತ್ತಿದ್ದ ಮೂರು ಜನ ಫೋನ್ ಕೆಳಗಿಟ್ಟು ನಮ್ಮನ್ನೇ ನೋಡತೊಡಗಿದರು. ನೀವು ನನ್ನ ಬಿಲ್ಲಿನ ಎರಡನೇ ಹಾಳೆ ತೆಗೆದು, ಕೊನೆಯ ಸಾಲಿಗೆ ಹಳದಿ ಹೈಲೈಟರ್ ಎಳೆದಿರಿ. ಅಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ "ಸ್ಪರ್ಧೆಯ ಬಳಕೆಗೆ ಮಾತ್ರ" ಅಂತಿತ್ತು. ನನ್ನ ಸಹಿ ತೋರಿಸಿ "ಯು ಕೆನ್ ರೀಡ್, ರೈಟ್?" ಅಂತ ಕೇಳಿದಿರಿ. ಸೋಫಾದಲ್ಲಿದ್ದವರೊಬ್ಬರು ನಕ್ಕರು.

ಓದಲು ಬರುತ್ತದೆ ಸ್ವಾಮಿ. ಅದೇ ಬಿಲ್ಲಿನ ಮೊದಲ ಹಾಳೆಯಲ್ಲಿ "ಕಾರ್ಬ್ ಇಓ ಕಿಟ್" ಅಂತ ನಿಮ್ಮ ಕೈಬರಹವೇ ಇದೆ, ಅದನ್ನೂ ಓದಿದೆ. ನಾನು ಕಾರು ತಂದುಬಿಟ್ಟ ದಿನ ಅದಕ್ಕೆ ನಂಬರ್ ಪ್ಲೇಟ್ ಇತ್ತು, ಹಿಂದೆ ಮಗಳ ಚೈಲ್ಡ್ ಸೀಟ್ ಕಟ್ಟಿತ್ತು, ಅದರಲ್ಲಿ ಅರ್ಧ ತಿಂದ ಚಕ್ಕುಲಿ ಬಿದ್ದಿತ್ತು. ಯಾವ ರೇಸಿಗೆ ಹೊರಟಿದ್ದೆ ಅಂದುಕೊಂಡಿರಿ?

ಹೋಗಲಿ, ಹಳೆಯ ಭಾಗಗಳನ್ನಾದರೂ ಕೊಡಿ, ಬೇರೆ ಕಡೆ ಮೊದಲಿನಂತೆ ಮಾಡಿಸಿಕೊಳ್ಳುತ್ತೇನೆ ಅಂದೆ. "ಹಳೆಯ ಭಾಗ ವಾಪಸ್ ಬೇಕು" ಅಂತ ವರ್ಕ್ ಆರ್ಡರಿನಲ್ಲೇ ಬರೆಸಿದ್ದೆ. ಹಾಗೆ ಬರೆಸಿದರೆ ಕೊಡಲೇಬೇಕು ಅನ್ನುವುದು ಈ ರಾಜ್ಯದ ನಿಯಮ, ನಿಮ್ಮ ಗೋಡೆಯ ಬೋರ್ಡಿನಲ್ಲೇ ಇದೆ. ನೀವು ಯಾವತ್ತೋ ಎಸೆದಾಯ್ತು ಅಂದಿರಿ.

ಆಗ ಮಾವ ನನ್ನ ತೋಳು ಮುಟ್ಟಿದರು. "ಅಳಿಯಂದಿರೇ, ಅದು ನಿಮ್ದಲ್ವಾ?"

ಕೌಂಟರ್ ಹಿಂದಿನ ಕಪಾಟು, ಎರಡನೇ ಅಂತಸ್ತು. ಕಪ್ಪು ಏರ್‌ಬಾಕ್ಸ್, ಅದಕ್ಕೆ 180 ಡಾಲರ್ ಚೀಟಿ. ಮುಚ್ಚಳದ ಮೇಲೆ ಒಣಗಿ ಬಿರುಕು ಬಿಟ್ಟ ಮೂರು ಅರಿಶಿನದ ಗೆರೆ, ನಡುವೆ ಒಂದು ಕುಂಕುಮದ ಬೊಟ್ಟು. ಆ ವರ್ಷದ ಆಯುಧ ಪೂಜೆಗೆ ನಾನೇ ಬಾನೆಟ್ ಎತ್ತಿ ಹಚ್ಚಿದ್ದು. ಬೊಟ್ಟಿನ ಪಕ್ಕ ಮಗಳ ಕಿರುಬೆರಳ ಗುರುತು ಕೂಡ ಇದೆ.

ನೀವು ಅದನ್ನೇ ನೋಡುತ್ತಾ "ದಟ್ಸ್ ಫ್ರಮ್ ಅನದರ್ ಕಸ್ಟಮರ್, ಸರ್" ಅಂದಿರಿ. ಹಾಗಾದರೆ ಏರ್‌ಬಾಕ್ಸಿಗೆ ಕುಂಕುಮ ಇಡುವ ಆ ಇನ್ನೊಬ್ಬ ಗಿರಾಕಿಯ ಪರಿಚಯ ಮಾಡಿಸಿ. ಮನೆಗೆ ಕರೆದು ಒಬ್ಬಟ್ಟಿನ ಊಟ ಹಾಕುತ್ತೇನೆ.

ವಾಪಸ್ ಬರುವಾಗ ಮಾವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆ ಮುಂದೆ ಇಳಿಯುವಾಗ, "ನಮ್ ಡಿಪೋದಲ್ಲೂ ಕಳ್ಳತನ ಆಗ್ತಿತ್ತು. ಆದ್ರೆ ಪೂಜೆ ಮಾಡಿದ್ ಸಾಮಾನು ಯಾರೂ ಮುಟ್ತಿರ್ಲಿಲ್ಲ" ಅಂದರು.

ನನಗೆ ಬೇಕಾದ್ದು ಇಷ್ಟು. ಕಿಟ್ ಬಿಚ್ಚಿ, ನನ್ನದೇ ಏರ್‌ಬಾಕ್ಸ್ ಕೂರಿಸಿ, ಕಂಪನಿಯ ಸಾಫ್ಟ್‌ವೇರ್ ವಾಪಸ್ ಹಾಕಿ, ಕಾರು ಸ್ಮಾಗ್ ಪಾಸಾಗುವ ಹಾಗೆ ಮಾಡಿಕೊಡಬೇಕು. ಕಿಟ್ ನೀವೇ ಇಟ್ಟುಕೊಂಡು 7,400 ಡಾಲರ್ ಹಿಂದಿರುಗಿಸಬೇಕು. ಈಗ 60 ದಿನದ ತಾತ್ಕಾಲಿಕ ಪರ್ಮಿಟ್ ಮೇಲೆ ಓಡಿಸುತ್ತಿದ್ದೇನೆ, ಅದರಲ್ಲಿ 23 ದಿನ ಆಗಲೇ ಕಳೆದಿದೆ. ನಿಮಗೆ ಹತ್ತು ದಿನ ಟೈಮ್.

ಹನ್ನೊಂದನೇ ದಿನ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್‌ಗೆ ದೂರು ಹೋಗುತ್ತದೆ. ನಿಮ್ಮ ಲೈಸೆನ್ಸ್ ಅವರದ್ದೇ ತಾನೇ? ವೆಹಿಕಲ್ ಕೋಡಿನ 27156ನೇ ಸೆಕ್ಷನ್ ಕಾರು ಓಡಿಸುವವನನ್ನು ಮಾತ್ರ ಹಿಡಿಯುವುದಿಲ್ಲ, ಇಂಥದ್ದನ್ನು ಮಾರಿದವನನ್ನೂ ಕೂರಿಸಿದವನನ್ನೂ ಹಿಡಿಯುತ್ತದೆ. ಅದರ ಜೊತೆಗೇ ಸ್ಮಾಲ್ ಕ್ಲೇಮ್ಸ್ ಕೋರ್ಟ್. ಅಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು, ವಕೀಲರನ್ನು ಕರೆತರುವ ಹಾಗಿಲ್ಲ. ನೀವೇ ನಿಂತು ಜಡ್ಜ್‌ಗೆ ಒಂದೊಂದೇ ಪದ ಬಿಡಿಸಿ ಹೇಳಬೇಕು, ನನಗೆ ಹೇಳಿದ ಹಾಗೆ.

ಈ ಸಲದ ರಾಜ್ಯೋತ್ಸವಕ್ಕೂ ನಿಮ್ಮ ಬ್ಯಾನರ್ ಇದೆ ಅಂತ ಕೇಳಿದೆ. ಬರುತ್ತೇನೆ. ಊಟದ ಸಾಲಿನಲ್ಲಿ ನಿಮ್ಮ ಹಿಂದೆಯೇ ನಿಲ್ಲುತ್ತೇನೆ. ಈ ಪತ್ರದ ಐವತ್ತು ಪ್ರತಿ ಜೊತೆಗಿರುತ್ತವೆ.

ಏರ್‌ಬಾಕ್ಸಿನ ಕುಂಕುಮ ಒರೆಸುವ ಶ್ರಮ ತೆಗೆದುಕೊಳ್ಳಬೇಡಿ. ನೀವು ಹೈಲೈಟರ್ ಹುಡುಕುತ್ತಿದ್ದಾಗಲೇ ಮಾವ ಮೂರು ಫೋಟೋ ತೆಗೆದಿದ್ದಾರೆ. ಚೀಟಿಯ ಬೆಲೆಯೂ ಸ್ಪಷ್ಟವಾಗಿ ಕಾಣುತ್ತದೆ.

ಇಂತಿ,
2022ರಲ್ಲಿ ನಿಮ್ಮ ಅಣ್ಣನಾಗಿದ್ದವನು