ಇನ್ನೂ ಏನೂ ನಿರ್ಧಾರ ಮಾಡದ ಕೂಸಿಗೆ ಯಾವ ಕಾಲೇಜು? ಗೆಳೆಯನಿಗೊಂದು ಪತ್ರ

ಕಾರವಾರ
ಡಿಸೆಂಬರ್ ಕೊನೆಯ ವಾರ

ಪ್ರೀತಿಯ ಗೆಳೆಯಾ,

ನಿನ್ನ ಮಗಳು, ನಮ್ಮ ಕೂಸು, ಮುಂದೆ ಯಾವ ಕಾಲೇಜಿಗೆ ಸೇರಬೇಕು ಅಂತ ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಲಿಲ್ಲ. ಅಡಿಕೆ ಸುಲಿಯುವವರ ಮಾತಿನ ನಡುವೆ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ನಿನ್ನ ಹಾಗೇ ತಲೆ ಕೆಡಿಸಿಕೊಂಡ ಅಪ್ಪ ಅಮ್ಮಂದಿರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ನೀನೂ ಕೂಸೂ ಇಬ್ಬರೂ ಒಪ್ಪಿದ್ದು ಖುಷಿಯಾಯಿತು.

ಕೂಸು ಸೆಕೆಂಡ್ ಪಿಯು, ಪಿಸಿಎಂಬಿ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಬಯಾಲಜಿ ನಾಲ್ಕೂ. ಗಣಿತದ ಲೆಕ್ಕಕ್ಕೆ ಕೂತರೆ ಏಳುವುದಿಲ್ಲ. ಬಯಾಲಜಿ ರೆಕಾರ್ಡಿನ ಚಿತ್ರಗಳನ್ನು ಮನಸ್ಸಿಟ್ಟು ಬರೆಯುತ್ತಾಳೆ. ಕಥೆ ಪುಸ್ತಕ ಸಿಕ್ಕರೆ ಊಟದ ನೆನಪಿಲ್ಲ. ನೆಂಟರು 'ಮುಂದೆ ಎಂತ ಮಾಡ್ತೆ ಕೂಸೇ?' ಅಂತ ಕೇಳಿದರೆ 'ಗೊತ್ತಿಲ್ಲೆ' ಅನ್ನುತ್ತಾಳೆ. ಆ 'ಗೊತ್ತಿಲ್ಲೆ'ಯೇ ನಿನಗೆ ಚಿಂತೆ. ನನಗೆ ಹಾಗನ್ನಿಸುವುದಿಲ್ಲ ಮಾರಾಯಾ. ಪ್ರತಿ ವರ್ಷ ಅಡ್ಮಿಷನ್ ಹೊತ್ತಿಗೆ ನಮ್ಮ ಕಾಲೇಜಿಗೆ ಬರುವ ಮಕ್ಕಳನ್ನು ನೋಡುತ್ತೇನೆ. ಖಡಾಖಂಡಿತವಾಗಿ ಇದೇ ಬೇಕು ಅನ್ನುವವರಲ್ಲಿ ಎಷ್ಟೋ ಜನರ ಹಿಂದೆ ಒಬ್ಬ ಮಾವ ಇರುತ್ತಾನೆ, ಇಲ್ಲವೇ ಬೆಂಗಳೂರಿನಲ್ಲಿರುವ ಅಣ್ಣ ಇರುತ್ತಾನೆ. ನಿನ್ನ ಮಗಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಾಳೆ. ಅದನ್ನು ನಂಬಿ ಮುಂದಿನದನ್ನು ಯೋಚಿಸೋಣ.

ಕಷ್ಟ ಇರುವುದು ನಮ್ಮ ವ್ಯವಸ್ಥೆಯಲ್ಲಿ. ಅಮೆರಿಕದ ಬಹಳಷ್ಟು ಕಾಲೇಜುಗಳಲ್ಲಿ ಎರಡನೇ ವರ್ಷದ ಕೊನೆಯೊಳಗೆ ಮೇಜರ್, ಅಂದರೆ ಮುಖ್ಯ ವಿಷಯ, ಯಾವುದು ಅಂತ ಹೇಳಿದರೆ ಸಾಕು. ಇಲ್ಲಿ ಗೇಟಿನಲ್ಲೇ ಹೇಳಬೇಕು. ಸಿಇಟಿಯಲ್ಲಿ ಒಂದು ಆಯ್ಕೆ ಅಂದರೆ ಕಾಲೇಜು ಮತ್ತು ಕೋರ್ಸು ಎರಡೂ ಸೇರಿ ಒಂದು. ಕಾಲೇಜು ಈಗ ಹಿಡಿಯುತ್ತೇನೆ, ಬ್ರಾಂಚ್ ಆಮೇಲೆ ನೋಡುತ್ತೇನೆ ಅನ್ನುವ ಹಾಗಿಲ್ಲ. ಹಾಗಾಗಿ ಕಾಲೇಜುಗಳ ಪಟ್ಟಿ ಮಾಡುವಾಗ ಒಳ್ಳೆಯ ಕಾಲೇಜು ಯಾವುದು ಅನ್ನುವ ಪ್ರಶ್ನೆಗಿಂತ ಮೊದಲು ಇನ್ನೆರಡು ಪ್ರಶ್ನೆ ಕೇಳಬೇಕು. ಇಲ್ಲಿ ಸೇರಿದ ಮೇಲೆ ನಿರ್ಧಾರವನ್ನು ಎಲ್ಲಿಯವರೆಗೆ ಮುಂದೂಡಬಹುದು? ನಡುವೆ ಮನಸ್ಸು ಬದಲಾದರೆ ಎಷ್ಟು ವರ್ಷ, ಎಷ್ಟು ದುಡ್ಡು ಹೋಗುತ್ತದೆ?

ಈ ಕಣ್ಣಿನಿಂದ ನೋಡಿದರೆ ಮೊದಲು ಕಾಣುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿಯ ನಾಲ್ಕು ವರ್ಷದ ಬಿಎಸ್ ಪದವಿಯಲ್ಲಿ ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ ಎಲ್ಲವನ್ನೂ ಓದುತ್ತಾರೆ. ಮೇಜರ್ ಆರಿಸುವುದು ಆಮೇಲೆ. ಪುಣೆ, ತಿರುವನಂತಪುರ, ತಿರುಪತಿ ಮುಂತಾದ ಕಡೆ ಇರುವ ಐಸರ್, ಅಂದರೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಐದು ವರ್ಷದ ಬಿಎಸ್-ಎಂಎಸ್ ಕೋರ್ಸಿನಲ್ಲೂ ಶುರುವಿನಲ್ಲಿ ಎಲ್ಲ ವಿಜ್ಞಾನವೂ ಇರುತ್ತದೆ. ಐಸರ್‌ಗೆ ಐಎಟಿ ಅಂತ ಪ್ರತ್ಯೇಕ ಪರೀಕ್ಷೆ. ನಾಲ್ಕೂ ವಿಷಯಕ್ಕೆ ತಲಾ 15 ಪ್ರಶ್ನೆ. ಪಿಸಿಎಂಬಿ ಓದಿದ, ನಾಲ್ಕನ್ನೂ ಪ್ರೀತಿಸುವ ಹುಡುಗಿಗೆ ಇದಕ್ಕಿಂತ ಹೊಂದುವ ಪರೀಕ್ಷೆ ನಾನು ನೋಡಿಲ್ಲ. ಸೀಟು ಕಡಿಮೆ, ಪೈಪೋಟಿ ಜಾಸ್ತಿ, ನಿಜ. ಆದರೂ ಅರ್ಜಿ ಹಾಕಿಸು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬುದ್ಧಿವಂತ ಮಕ್ಕಳಿಗೇನೂ ಬರ ಇಲ್ಲ. ಇಂಥ ಪರೀಕ್ಷೆ ಒಂದಿದೆ ಅನ್ನುವುದೇ ಕೆಲವರಿಗೆ ಗೊತ್ತಾಗುವುದು ಅರ್ಜಿಯ ದಿನ ಮುಗಿದ ಮೇಲೆ. ಅದು ನನಗೆ ತುಂಬಾ ಬೇಸರದ ಸಂಗತಿ.

ಇನ್ನು ಮನೆ ಹತ್ತಿರದ ಬಿಎಸ್ಸಿ. 'ಬರೀ ಡಿಗ್ರಿಯಾ?' ಅಂತ ನೀನು ಫೋನಿನಲ್ಲಿ ಅಂದ ದನಿ ನನಗಿನ್ನೂ ಕೇಳಿಸುತ್ತಿದೆ. ಹಾಗನ್ನಬೇಡ. 2021ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ನಾಲ್ಕು ವರ್ಷದ ಪದವಿ ಬಂದಿತ್ತಲ್ಲ, 2024-25ರಿಂದ ನಮ್ಮ ರಾಜ್ಯದಲ್ಲಿ ಮತ್ತೆ ಮೂರು ವರ್ಷ, ಮೂರು ವಿಷಯದ ಪದ್ಧತಿಗೆ ಮರಳಿದ್ದಾರೆ. ಒಂದೇ ವಿಷಯಕ್ಕೆ ಕಟ್ಟುಬೀಳದೆ ಮೂರನ್ನು ಜೊತೆಗೆ ಓದುವುದು ನಿನ್ನ ಮಗಳಂಥವರಿಗೆ ಅನುಕೂಲವೇ. ಶಿರಸಿಯ ಎಂ.ಎಂ. ಕಾಲೇಜು, ಕುಮಟಾದ ಬಾಳಿಗಾ ಕಾಲೇಜು, ಅಂಕೋಲೆಯ ಗೋಖಲೆ ಶತಮಾನೋತ್ಸವ ಕಾಲೇಜು, ಕಾರವಾರದ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜು, ಎಲ್ಲವೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಘಟ್ಟ ಹತ್ತಿ ಆಚೆ ಹೋಗುವುದಾದರೆ 1917ರಲ್ಲಿ ಶುರುವಾದ ಧಾರವಾಡದ ಕರ್ನಾಟಕ ಕಾಲೇಜೇ ಇದೆ.

ಇಲ್ಲಿ ಅವಳಿಗೆ ಬರುವ ಇಕ್ಕಟ್ಟು ಬೇರೆ. ಪಿಸಿಎಂ ತೆಗೆದುಕೊಂಡರೆ ಬಯಾಲಜಿ ಬಿಟ್ಟುಹೋಗುತ್ತದೆ. ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತೆಗೆದುಕೊಂಡರೆ ಗಣಿತ ಬಿಟ್ಟುಹೋಗುತ್ತದೆ. ಆಗ ಯಾವುದು ಹೆಚ್ಚು ಇಷ್ಟ ಅಂತ ಕೇಳಿದರೆ ಅವಳು ಮತ್ತೆ 'ಗೊತ್ತಿಲ್ಲೆ' ಅಂದಾಳು. ಯಾವುದನ್ನು ಬಿಟ್ಟರೆ ಆಮೇಲೆ ವಾಪಸ್ ಬರುವುದು ಕಷ್ಟ ಅಂತ ಕೇಳು. ಗಣಿತವನ್ನು ಈಗ ಬಿಟ್ಟರೆ ಮುಂದೆ ಗಣಿತದಲ್ಲೋ ಭೌತಶಾಸ್ತ್ರದಲ್ಲೋ ಎಂಎಸ್ಸಿ ಮಾಡುವ ದಾರಿ ಹೆಚ್ಚುಕಡಿಮೆ ಮುಚ್ಚಿದ ಹಾಗೇ. ಎಂಸಿಎ ಮಾತ್ರ ಉಳಿಯುತ್ತದೆ, ಅದಕ್ಕೆ ಪಿಯುನಲ್ಲಿ ಗಣಿತ ಓದಿದ್ದರೂ ನಡೆಯುತ್ತದೆ. ಬಯಾಲಜಿ ಬಿಟ್ಟರೆ ನಮ್ಮ ಕಾರವಾರದ ಕೋಡಿಬಾಗದಲ್ಲಿರುವ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಂಥ ಕಡೆ ಹೋಗುವುದು ಕಷ್ಟ. ಎರಡರಲ್ಲಿ ಯಾವುದನ್ನು ತೆಗೆದುಕೊಂಡರೂ ಬಿಎಡ್, ಮೂರು ವರ್ಷದ ಕಾನೂನು ಪದವಿ, ಸರ್ಕಾರಿ ಪರೀಕ್ಷೆಗಳು ಹಾಗೇ ಇರುತ್ತವೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಅವಳೇ ಬರೆಯಲಿ. ನೀನು ಬರೆದುಕೊಡಬೇಡ.

ಇಂಜಿನಿಯರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದನ್ನು ಹೇಳಲು ಊರೆಲ್ಲ ಇದೆ. ಒಂದು ವಿಷಯ ಮಾತ್ರ. 'ಯಾವುದಾದರೊಂದು ಬ್ರಾಂಚಿಗೆ ಸೇರಿಸಿ, ಎರಡನೇ ವರ್ಷ ಬದಲಾಯಿಸಿದರಾಯ್ತು' ಅಂತ ಯಾರಾದರೂ ಅಂದರೆ ನಂಬಬೇಡ. ಸೀಟು ಖಾಲಿ ಇರಬೇಕು, ಮೊದಲ ವರ್ಷದ ಅಂಕವೂ ಚೆನ್ನಾಗಿರಬೇಕು. ಆಗಲೂ ಸಿಗುವುದು ಕೆಲವರಿಗೆ ಮಾತ್ರ.

ನಿನ್ನ ಮನೆಗೆ ಹತ್ತಿರವೇ ಇದ್ದೂ ನೀನು ಹೆಸರೆತ್ತದೆ ಹೋದ ಕಾಲೇಜೊಂದಿದೆ: ಶಿರಸಿಯ ಅರಣ್ಯ ಕಾಲೇಜು. ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು, ನಾಲ್ಕು ವರ್ಷದ ಕೋರ್ಸು, ಸಿಇಟಿ ಮೂಲಕವೇ ಪ್ರವೇಶ. ಅಲ್ಲಿಯ ಹುಡುಗರು ಕಾಡಿನಲ್ಲಿ ಟೇಪು ಹಿಡಿದು ಮರ ಅಳೆಯುವುದನ್ನು ಒಮ್ಮೆ ನಿಂತು ನೋಡಿದ್ದೆ. ನೆಲದಿಂದ 1.37 ಮೀಟರ್ ಎತ್ತರಕ್ಕೆ ಗುರುತು ಹಾಕಿ, ಅಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುತ್ತಾರೆ. ಇಳಿಜಾರಿನಲ್ಲಿ ಇರುವ ಮರವಾದರೆ ಮೇಲ್ಬದಿಯಲ್ಲಿ ನಿಂತು ಅಳೆಯಬೇಕು. ಒಬ್ಬಳು ಅಳತೆ ಕೂಗುತ್ತಿದ್ದಳು, ಇನ್ನೊಬ್ಬ ಬರೆಯುತ್ತಿದ್ದ. ಆಮೇಲೆ ಆ ಅಂಕಿಗಳಿಂದ ಮರದಲ್ಲಿ ಎಷ್ಟು ನಾಟಾ ಇದೆ ಅಂತ ಲೆಕ್ಕ ಹಾಕುತ್ತಾರೆ. ಸಸ್ಯಶಾಸ್ತ್ರ, ಮಣ್ಣು, ವನ್ಯಜೀವಿ, ಸಂಖ್ಯಾಶಾಸ್ತ್ರ ಎಲ್ಲ ಒಂದೇ ಕೋರ್ಸಿನಲ್ಲಿ. ಗಣಿತವೂ ಬೇಕು, ಬಯಾಲಜಿಯೂ ಬೇಕು ಅನ್ನುವ ಕೂಸು ಇದನ್ನು ಒಮ್ಮೆ ಕಣ್ಣಾರೆ ನೋಡಲಿ ಅಂತ ನನ್ನ ಆಸೆ. ತೋಟದ ಮನೆಯ ಮಗಳು, ಕೃಷಿಕರ ಕೋಟಾದಲ್ಲೂ ಪ್ರಯತ್ನ ಮಾಡಬಹುದು. ಅದಕ್ಕೆ ತಹಶೀಲ್ದಾರ್ ಕಚೇರಿಯ ಪ್ರಮಾಣಪತ್ರ ಬೇಕು, ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಕಾಗದಪತ್ರದ ಕೆಲಸ ಈಗಲೇ ಶುರು ಮಾಡು. ಅಂದಹಾಗೆ ಐಎಫ್ಎಸ್, ಅಂದರೆ ಅರಣ್ಯ ಸೇವೆಯ ಪರೀಕ್ಷೆ ಬರೆಯಲು ಅರಣ್ಯ ಪದವಿಯೇ ಬೇಕಂತಿಲ್ಲ. ಸಸ್ಯಶಾಸ್ತ್ರ, ಗಣಿತ, ಭೌತಶಾಸ್ತ್ರ, ಇಂಜಿನಿಯರಿಂಗ್ ಓದಿದವರೂ ಬರೆಯಬಹುದು. ಇಂದು ಹಿಡಿದ ದಾರಿ ಇಪ್ಪತ್ತೈದನೇ ವಯಸ್ಸಿಗೆ ಎಲ್ಲಿಗೆ ಮುಟ್ಟಿಸುತ್ತದೆ ಅಂತ ಈಗಲೇ ಹೇಳಲಾಗದು.

ಇನ್ನು ಆಪ್ಷನ್ ಎಂಟ್ರಿ, ಅಂದರೆ ಸಿಇಟಿ ಸೀಟಿಗೆ ನಮಗೆ ಬೇಕಾದ ಆಯ್ಕೆಗಳನ್ನು ಆನ್‌ಲೈನಿನಲ್ಲಿ ಕ್ರಮವಾಗಿ ತುಂಬುವ ಕೆಲಸ. ಇದನ್ನು ಸೈಬರ್ ಅಂಗಡಿಯವರ ಕೈಗೆ ಬಿಡಬೇಡ. ಎಷ್ಟು ಬೇಕಾದರೂ ಆಯ್ಕೆ ತುಂಬಬಹುದು, ಆದರೆ ಜೀವ ಇರುವುದು ಕ್ರಮದಲ್ಲಿ. ಹತ್ತನೇ ಆಯ್ಕೆ ಸಿಕ್ಕಿತು ಅಂದುಕೋ. ಮುಂದಿನ ಸುತ್ತಿನಲ್ಲಿ ಒಂದರಿಂದ ಒಂಬತ್ತರವರೆಗೆ ಮಾತ್ರ ನೋಡುತ್ತಾರೆ, ಹನ್ನೊಂದರಿಂದ ಕೆಳಗಿನದು ಹೋಯಿತು. ಅಂದರೆ ಸಿಕ್ಕರೆ ಸೇರಲು ಮನಸ್ಸಿಲ್ಲದ್ದನ್ನು ಪಟ್ಟಿಯಲ್ಲಿ ಎಲ್ಲೂ ಹಾಕಬಾರದು. 'ಇರಲಿ ಸುಮ್ನೆ' ಅಂತ ಹಾಕಿದ ಆಯ್ಕೆಯೇ ಸಿಕ್ಕು ಅತ್ತ ಮಕ್ಕಳನ್ನು ನೋಡಿದ್ದೇನೆ. ಮೊದಲು ಅಣಕು ಹಂಚಿಕೆ ಮಾಡುತ್ತಾರೆ, ಅದನ್ನು ನೋಡಿ ಪಟ್ಟಿ ತಿದ್ದಲು ಅವಕಾಶ ಇರುತ್ತದೆ. ಆ ಎರಡು ಮೂರು ದಿನ ಮದುವೆ ಮುಂಜಿ ಅಂತ ಓಡಾಡದೆ ಮಗಳ ಜೊತೆ ಕೂತುಕೋ. ಏನು ಬೇಕು ಅಂತ ಅವಳಿಗೆ ಗೊತ್ತಿಲ್ಲದಿರಬಹುದು, ಏನು ಬೇಡ ಅಂತ ಗೊತ್ತಿರುತ್ತದೆ. ಅಲ್ಲಿಂದ ಶುರು ಮಾಡಿದರೆ ಪಟ್ಟಿ ಬೇಗ ಸಣ್ಣದಾಗುತ್ತದೆ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಿ ಬರಬೇಡಿ. ಈ ವಿಷಯಕ್ಕೆ ಪಾಠ ಮಾಡುವವರು ಎಷ್ಟು ಜನ, ಅವರಲ್ಲಿ ಅತಿಥಿ ಉಪನ್ಯಾಸಕರೆಷ್ಟು ಅಂತ ಕೇಳಿ. ಅತಿಥಿ ಉಪನ್ಯಾಸಕರು ಚೆನ್ನಾಗಿ ಪಾಠ ಮಾಡುವುದಿಲ್ಲ ಅಂತಲ್ಲ, ಅವರಲ್ಲಿ ಬಹಳ ಒಳ್ಳೆಯವರಿದ್ದಾರೆ. ವರ್ಷದ ಮಧ್ಯೆ ಪಾಠ ನಿಂತರೆ ಮಕ್ಕಳಿಗೆ ತೊಂದರೆ, ಅದಕ್ಕೆ ಹೇಳಿದೆ. ಕಳೆದ ವರ್ಷ ಈ ಕಾಂಬಿನೇಷನ್ನಿಗೆ ಎಷ್ಟು ಮಕ್ಕಳು ಸೇರಿದ್ದರು ಅಂತ ಕೇಳಿ. ಮಕ್ಕಳು ಕಡಿಮೆಯಾದರೆ ಕೆಲವು ಕಡೆ ಕಾಂಬಿನೇಷನ್ನೇ ನಿಂತುಹೋಗುತ್ತದೆ. ಸೇರಿದ ಮೇಲೆ ಮೊದಲ ಕೆಲವು ವಾರದಲ್ಲಿ ವಿಷಯ ಬದಲಾಯಿಸಲು ಬಿಡುತ್ತಾರಾ ಅಂತಲೂ ಕೇಳಿ. ಅಲ್ಲಿ ಓದುತ್ತಿರುವ ಯಾರಾದರೂ ಹುಡುಗಿಯ ಜೊತೆ ಕೂಸು ಒಬ್ಬಳೇ ಮಾತಾಡಲಿ. ನೀನು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿರು.

ಓಡಾಟದ ಮಾತೂ ಬೇಕು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಹಾಗಾಗಿ ದುಡ್ಡಿನ ಪ್ರಶ್ನೆ ಇಲ್ಲ. ಮಳೆಯದ್ದೇ ಪ್ರಶ್ನೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ನಿಂತಿತ್ತು, ಆಗಸ್ಟ್‌ನಲ್ಲಿ ಇಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೆ ಕಾರವಾರದಿಂದ ಹೋಗಲು ಕಾಳಿ ದಾಟಲೇಬೇಕು. ಘಟ್ಟ ಇಳಿದು ಹತ್ತಿ ದಿನಾ ಓಡಾಡುವ ಲೆಕ್ಕ ಹಾಕಬೇಡ. ದೂರದ ಕಾಲೇಜಾದರೆ ಹಾಸ್ಟೆಲ್ ಇದೆಯಾ ಅಂತ ಮೊದಲೇ ನೋಡು.

ಒಂದು ಕಡೆ ಸೇರಿ ಆಮೇಲೆ ಇನ್ನೊಂದು ಕಡೆ ಸೀಟು ಸಿಗುವುದು ಮಾಮೂಲು. ಒರಿಜಿನಲ್ ಅಂಕಪಟ್ಟಿಗಳನ್ನು ಕಾಲೇಜುಗಳು ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಫೀಸು ವಾಪಸಿಗೂ ನಿಯಮ ಇದೆ. ಸೇರುವ ದಿನವೇ ವಿಚಾರಿಸಿ, ರಶೀದಿ ಜೋಪಾನ ಮಾಡು. ಜಾತಿ, ಆದಾಯ, ಕನ್ನಡ ಮಾಧ್ಯಮ, ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಗಳಲ್ಲಿ ನಿಮಗೆ ಅನ್ವಯಿಸುವುದನ್ನೆಲ್ಲ ತೆಗೆಸಿ ಒಂದು ಫೈಲು ಮಾಡಿಡು.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಕೂಸನ್ನು ಕರೆದುಕೊಂಡು ಕಾರವಾರಕ್ಕೆ ಬಾ. ಕೋಡಿಬಾಗದಲ್ಲಿ ನನಗೆ ಪರಿಚಯದವರಿದ್ದಾರೆ, ಮೊದಲೇ ಕೇಳಿ ಇಟ್ಟಿರುತ್ತೇನೆ. ಮಾಜಾಳಿಗೂ ಹೋಗಿ ಬರೋಣ. ರಾತ್ರಿ ನಮ್ಮನೆಯಲ್ಲೇ ಉಳಿಯಿರಿ. ಬರುವಾಗ ಅವಳು ತಾನೇ ಬರೆದ ಹಾಳೆ ತರಲಿ, ಬೇಡದ್ದರ ಪಟ್ಟಿ ಮೊದಲು. ಸಿಇಟಿ ಅರ್ಜಿ ಕರೆದ ಕೂಡಲೇ ನನಗೊಂದು ಫೋನ್ ಮಾಡು, ಐಎಟಿ ಅರ್ಜಿಯ ದಿನ ಬಂದಾಗ ನಾನು ನಿನಗೆ ಹೇಳುತ್ತೇನೆ. ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ
ಹಳೆಯ ಗೆಳೆಯ