ಕೊಚ್ಚಿಯವರ ಸೋಲು ಕಂಡೆವು, ರಿಯಾದ್‌ನ ಗೆಲುವು ಕಾಣಲಿಲ್ಲ

ಮಾನ್ಯ ಸಂಪಾದಕರೇ,

ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನ ಪ್ಲೇಆಫ್‌ನಲ್ಲಿ, ಅಂದರೆ ಲೀಗ್ ಹಂತದ ಬಳಿಕದ ನಾಕೌಟ್ ಪಂದ್ಯಗಳಲ್ಲಿ, ಎದುರಾಳಿ ತಂಡ ಸೋತ ರಾತ್ರಿ ಪಟಾಕಿ ಸಿಡಿಸುವುದು, ಬೈಕ್‌ಗಳಲ್ಲಿ ಕೂಗುತ್ತ ಸುತ್ತುವುದು, ಸೋತವರನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಗೇಲಿ ಮಾಡುವುದು ಇವೆಲ್ಲವನ್ನೂ ಪೊಲೀಸರು ನಿಷೇಧಿಸಬೇಕೆಂದು ಕಲಬುರಗಿಯ ಓದುಗರೊಬ್ಬರು ತಮ್ಮ ಪತ್ರಿಕೆಯಲ್ಲಿ ಒತ್ತಾಯಿಸಿದ್ದಾರೆ. ಪಟಾಕಿಯ ಮಟ್ಟಿಗೆ ಅವರ ಮಾತು ನ್ಯಾಯವಾದದ್ದೇ, ಆದರೆ ಅದಕ್ಕೆ ಹೊಸ ಆದೇಶ ಬೇಕಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಪಟಾಕಿ ಹಚ್ಚಬಾರದೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಸಂಜೆ ಏಳೂವರೆಗೆ ಆರಂಭವಾದ ಪಂದ್ಯ ಹೆಚ್ಚುವರಿ ಅವಧಿ ಮತ್ತು ಪೆನಾಲ್ಟಿ ಶೂಟೌಟ್ ದಾಟಿ ಮುಗಿಯುವಾಗ ಹತ್ತು ಗಂಟೆ ಕಳೆದೇ ಇರುತ್ತದೆ. ಇರುವ ಆದೇಶವನ್ನು ಜಾರಿ ಮಾಡಿದರೆ ಸಾಕು. ಗೇಲಿಯ ವಿಷಯ ಹಾಗಲ್ಲ. ಎದುರಾಳಿ ಸೋತಾಗ ಕಾಲೆಳೆಯುವ ಹಕ್ಕು ಅಭಿಮಾನಿಗೆ ಇಲ್ಲವೆಂದರೆ ಅಭಿಮಾನದಲ್ಲಿ ಉಳಿಯುವುದಾದರೂ ಏನು? ನನ್ನ ತಕರಾರು ಬೇರೆ: ಬೇರೆಯವರ ಸೋಲನ್ನು ಸವಿಯುವ ಭರದಲ್ಲಿ ನಾವು ನಮ್ಮದೇ ಗೆಲುವನ್ನು ಗಮನಿಸದೆ ಬಿಟ್ಟಿದ್ದೇವೆ.

ಕಲಬುರಗಿಯ ಫುಟ್‌ಬಾಲ್ ಅಭಿಮಾನ ಬಹಳ ಹಿಂದಿನಿಂದಲೂ ಎರಡು ಕಡೆಗೆ ಎಳೆಯುತ್ತದೆ. ಬೆಂಗಳೂರು ನಮಗೆ ಸುಮಾರು 600 ಕಿಲೋಮೀಟರ್ ದೂರ, ಹೈದರಾಬಾದ್ ಸುಮಾರು 220. ಆಸ್ಪತ್ರೆ, ಮದುವೆಯ ಜವಳಿ, ನೌಕರಿ ಎಂದು ಹೈದರಾಬಾದಿಗೆ ಓಡಾಡುವ ಮನೆಗಳಲ್ಲಿ ಅಲ್ಲಿಯ ತಂಡದ ಮೇಲೆ ಮಮತೆ ಇರುವುದು ಸಹಜ, ಅದನ್ನು ನಾಡದ್ರೋಹವೆಂದು ಬಗೆಯುವವರಿಗೆ ಈ ಭಾಗದ ಇತಿಹಾಸ ಗೊತ್ತಿಲ್ಲ. 1950ರಿಂದ 1954ರವರೆಗೆ ಸತತ ಐದು ಬಾರಿ ಮುಂಬೈಯ ರೋವರ್ಸ್ ಕಪ್ ಫುಟ್‌ಬಾಲ್ ಪಂದ್ಯಾವಳಿ ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ತಂಡ, ನಮ್ಮ ಜಿಲ್ಲೆಯೂ ಸೇರಿದ್ದ ರಾಜ್ಯದ ರಾಜಧಾನಿಯ ತಂಡವಾಗಿತ್ತು. ಆ ತಂಡವನ್ನು ಕಟ್ಟಿದ ಸೈಯದ್ ಅಬ್ದುಲ್ ರಹೀಂ ಅವರೇ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ತರಬೇತುದಾರರು. ಆ ವರ್ಷ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. ಒಂದು ತಿಂಗಳ ಬಳಿಕ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿ ಸೆಮಿಫೈನಲ್ ತಲುಪಿತು. ಗಡಿ ಬದಲಾದ ಮಾತ್ರಕ್ಕೆ ಮನಸ್ಸು ಬದಲಾಗಬೇಕಿರಲಿಲ್ಲ, ಬದಲಾಗಲೂ ಇಲ್ಲ.

ಈಗ 2023ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳೋಣ. ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೊಚ್ಚಿಯ ಕೇರಳ ಬ್ಲಾಸ್ಟರ್ಸ್ ನಡುವಿನ ಪ್ಲೇಆಫ್ ಪಂದ್ಯದ 96ನೇ ನಿಮಿಷದಲ್ಲಿ, ಎದುರಾಳಿಗಳು ತಡೆಗೋಡೆ ಕಟ್ಟಿ ನಿಲ್ಲುವ ಮುನ್ನವೇ ಬೆಂಗಳೂರಿನ ಸುನಿಲ್ ಚೆಟ್ರಿ ಫ್ರೀ ಕಿಕ್ಕನ್ನು ಗೋಲಿಗೆ ಕಳುಹಿಸಿದರು, ರೆಫರಿ ಅದನ್ನು ಎತ್ತಿಹಿಡಿದರು, ಸಿಟ್ಟಾದ ಕೇರಳದ ತಂಡ ಮೈದಾನ ಬಿಟ್ಟು ಹೊರನಡೆಯಿತು. ಮುಂದೆ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡವೂ ಬಿತ್ತು. ಗೋಲು ನಿಯಮಬದ್ಧವೇ ಎಂಬುದು ಇಂದಿಗೂ ಚಹಾ ಅಂಗಡಿಯಲ್ಲಿ ಮುಗಿಯದ ವಾದ. ನನ್ನ ಮಟ್ಟಿಗೆ ಅದು ಸರಿಯಾದ ಗೋಲು, ಮೈ ಮರೆತು ನಿಂತದ್ದು ಅವರ ತಪ್ಪು. ನಮ್ಮಲ್ಲಿ ಆ ರಾತ್ರಿ ಮತ್ತು ಮರುದಿನ ಹರಿದಾಡಿದ್ದೆಲ್ಲ ಕೇರಳದವರು ಹೊರನಡೆದ ಚಿತ್ರಗಳೇ.

ಆ ಮರುದಿನ, ಅಂದರೆ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಬಾರಿ ಗೆದ್ದಿದ್ದ ನಮ್ಮ ರಾಜ್ಯಕ್ಕೆ ಅದು 54 ವರ್ಷಗಳ ಬಳಿಕ ಬಂದ ಪ್ರಶಸ್ತಿ, ಕರ್ನಾಟಕ ಎಂಬ ಹೆಸರಿನಲ್ಲಿ ಮೊಟ್ಟಮೊದಲನೆಯದು. ಅದಕ್ಕಾಗಿ ನಮ್ಮೂರಿನಲ್ಲಿ ಒಂದು ಪಟಾಕಿಯೂ ಸಿಡಿದದ್ದು ನನಗೆ ಕೇಳಿಸಲಿಲ್ಲ. ಹಣ ಕೊಟ್ಟು ಕೊಂಡ ವಿದೇಶಿ ಆಟಗಾರರಿಲ್ಲದ, ರಾಜ್ಯದ ಹೆಸರನ್ನೇ ಎದೆಯ ಮೇಲೆ ಹೊತ್ತು ಆಡಿದ ತಂಡದ ಗೆಲುವು, ಹಿಂದಿನ ರಾತ್ರಿಯ ಎದುರಾಳಿಯ ಅವಮಾನದ ಮುಂದೆ ಯಾರಿಗೂ ಬೇಡವಾಯಿತು.

ಅಲ್ಲಿಗೇ ನಿಲ್ಲಲಿಲ್ಲ. ಮಾರ್ಚ್ 12ರಂದು ಬೆಂಗಳೂರು ಎಫ್‌ಸಿ ಮುಂಬೈ ಸಿಟಿಯನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 9–8ರಿಂದ ದಾಟಿ ಫೈನಲ್ ತಲುಪಿತು. ಮರುದಿನ ಹಾಲಿ ಚಾಂಪಿಯನ್ ಹೈದರಾಬಾದ್ ಎಫ್‌ಸಿ ಎಟಿಕೆ ಮೋಹನ್ ಬಾಗಾನ್ ಎದುರು ಪೆನಾಲ್ಟಿಯಲ್ಲಿ ಸೋತಿತು. ಈ ಎರಡರಲ್ಲಿ ಬೆಂಗಳೂರಿನ ಬೆಂಬಲಿಗರಿಗೆ ಹೆಚ್ಚು ಖುಷಿ ಕೊಟ್ಟದ್ದು ಎರಡನೆಯದೇ, ಏಕೆಂದರೆ ಹೈದರಾಬಾದಿನ ಬೆಂಬಲಿಗ ಮುಂಬೈಯಲ್ಲಿಲ್ಲ, ಪಕ್ಕದ ಮನೆಯಲ್ಲಿದ್ದಾನೆ. ಐದು ದಿನಗಳ ಬಳಿಕ, ಮಾರ್ಚ್ 18ರಂದು ಗೋವಾದ ಫೈನಲ್‌ನಲ್ಲಿ ಅದೇ ಮೋಹನ್ ಬಾಗಾನ್ ಎದುರು, ಅದೇ ಪೆನಾಲ್ಟಿಯಲ್ಲಿ ಬೆಂಗಳೂರು ಸೋತಾಗ ಪಕ್ಕದ ಮನೆಯವನು ಸಾಲ ತೀರಿಸಿಕೊಂಡ. ಇಷ್ಟು ಲೆಕ್ಕ ಚುಕ್ತಾ ಆಗುವುದರಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ.

ತಪ್ಪು ಕಾಣುವುದು ಗೇಲಿ ತಂಡವನ್ನು ಬಿಟ್ಟು ಮನುಷ್ಯರ ಭಾಷೆ, ಊರುಗಳ ಮೇಲೆ ಇಳಿದಾಗ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಕೇರಳದ ಮಕ್ಕಳಿಗೆ ಬ್ಲಾಸ್ಟರ್ಸ್ ತಂಡದ ಸೋಲನ್ನು ನೆನಪಿಸಿ ನಗಬಹುದು, ಅವರೂ ನಗುತ್ತಾರೆ, ತಿರುಗಿ ಕಾಲೆಳೆಯುತ್ತಾರೆ. ‘ನಿಮ್ಮ ಊರಿಗೆ ಹೋಗಿ’ ಎಂಬ ಮಾತು ಬಂದರೆ ಅಲ್ಲಿ ಫುಟ್‌ಬಾಲ್ ಮುಗಿಯಿತು. ನಿಷೇಧ ಕೇಳಿದ ಓದುಗರು ಇದನ್ನೂ ಪಟಾಕಿಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿರುವುದು ಸರಿಯಲ್ಲ. ಇದು ಹೆಚ್ಚು ಗಂಭೀರ, ಇದನ್ನು ತಡೆಯಬೇಕಾದವರು ಪೊಲೀಸರಿಗಿಂತ ಮೊದಲು ಜತೆಯಲ್ಲಿ ಕೂತು ಪಂದ್ಯ ನೋಡುವ ಗೆಳೆಯರು.

ಇನ್ನೊಂದು ಮಾತು. 2024ರ ಏಪ್ರಿಲ್ 19ರಂದು ಭುವನೇಶ್ವರದಲ್ಲಿ ಕೇರಳ ಬ್ಲಾಸ್ಟರ್ಸ್ ಒಡಿಶಾ ಎದುರು 2–1ರಿಂದ ಪ್ಲೇಆಫ್ ಸೋತಾಗಲೂ ನಮ್ಮವರು ಕುಣಿದರು. ಆ ಋತುವಿನಲ್ಲಿ ಬೆಂಗಳೂರು ಎಫ್‌ಸಿ ಹನ್ನೆರಡು ತಂಡಗಳಲ್ಲಿ ಹತ್ತನೆಯದಾಗಿ, ಪ್ಲೇಆಫ್‌ನ ಹೊಸ್ತಿಲನ್ನೂ ಮುಟ್ಟಿರಲಿಲ್ಲ. ಹೈದರಾಬಾದಿನ ಗತಿ ಇನ್ನೂ ಕಷ್ಟದ್ದು. ಹಣಕಾಸಿನ ಮುಗ್ಗಟ್ಟಿನಲ್ಲಿ ಕುಸಿದು ಅದೇ ಋತುವಿನಲ್ಲಿ ಕೊನೆಯ ಸ್ಥಾನಕ್ಕಿಳಿದ ಆ ಕ್ಲಬ್ 2025ರಲ್ಲಿ ಕೈ ಬದಲಾಗಿ ದೆಹಲಿಗೆ ಹೋಯಿತು, ಹೆಸರೂ ಬದಲಾಯಿತು. ಪಕ್ಕದ ಮನೆಯವನನ್ನು ಕಾಡೋಣವೆಂದರೆ ಈಗ ಅವನಿಗೆ ತಂಡವೇ ಇಲ್ಲ, ಮತ್ತು ಅದರಿಂದ ಯಾರಿಗೂ ಖುಷಿಯಾದಂತೆ ತೋರುವುದಿಲ್ಲ.

ತಮ್ಮ ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟೇ. ಪ್ಲೇಆಫ್‌ನ ಜಗಳಕ್ಕೆ ಅರ್ಧ ಪುಟ ಮೀಸಲಿಡುವಾಗ ಸಂತೋಷ್ ಟ್ರೋಫಿಯಲ್ಲಿ ಕರ್ನಾಟಕ ಆಡುವ ದಿನಗಳ ವೇಳಾಪಟ್ಟಿಯನ್ನೂ, ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ನಡೆಯುವ ಫುಟ್‌ಬಾಲ್ ಪಂದ್ಯಗಳ ಫಲಿತಾಂಶವನ್ನೂ ನಮ್ಮ ಆವೃತ್ತಿಯ ಕ್ರೀಡಾ ಪುಟದಲ್ಲಿ ತಪ್ಪದೆ ಪ್ರಕಟಿಸಬೇಕು.

— ಫುಟ್‌ಬಾಲ್ ಪ್ರೇಮಿ ಓದುಗ, ಕಲಬುರಗಿ