ತಾತನ ದನಿ ಉಳಿಸಿಕೊಟ್ಟ ಅಣ್ಣನಿಗೆ

ನಮ್ಮ ತಾತ ಮಂಡ್ಯದ ಮೈಷುಗರ್ ಕಾರ್ಖಾನೆಯಲ್ಲಿ ದುಡಿದವರು. 1933ರಲ್ಲಿ ಶುರುವಾದ ಕಾರ್ಖಾನೆ ಅದು. ಕಬ್ಬು ಅರೆಯುವ ಕಾಲದಲ್ಲಿ ರಾತ್ರಿ ಪಾಳಿ. ಬಿಡುವಿದ್ದ ಸಂಜೆ ಹಾರ್ಮೋನಿಯಂ, ಸುತ್ತ ಮೊಮ್ಮಕ್ಕಳು. ಅವರ ಹಾಡು ಉಳಿದಿದ್ದು ಒಂದೇ ಕ್ಯಾಸೆಟ್‌ನಲ್ಲಿ. ತಿಥಿಯ ಹಿಂದಿನ ದಿನ ಅದರ ಟೇಪು ಸಿಕ್ಕಿಕೊಂಡು ತುಂಡಾಯಿತು. ಅಜ್ಜಿ ಮಾತೇ ಆಡಲಿಲ್ಲ.

ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ನಿಮ್ಮ ರಿಪೇರಿ ಅಂಗಡಿಗೆ ಬಂದಾಗ ಷಟರ್ ಅರ್ಧ ಎಳೆದಾಗಿತ್ತು. ವಿಷಯ ಕೇಳಿದ್ದೇ ಮತ್ತೆ ಎತ್ತಿದಿರಿ. ಕೈ ಒರೆಸಿಕೊಂಡು ಸ್ಕ್ರೂ ಬಿಚ್ಚಿದಿರಿ. ಸುಕ್ಕಾದ ತುದಿಯನ್ನು ಓರೆಯಾಗಿ ಕತ್ತರಿಸಿ, ಹಿಂಬದಿಗೆ ಮಾತ್ರ ಪಟ್ಟಿ ಅಂಟಿಸಿದಿರಿ. ಮಾಮೂಲಿ ಸೆಲ್ಲೋಟೇಪ್ ಹಾಕಿದರೆ ಅಂಟು ಹರಡಿ, ಪ್ಲೇಯರ್‌ನಲ್ಲಿ ಟೇಪು ಓದುವ ಹೆಡ್‌ಗೆ ಮೆತ್ತುತ್ತೆ ಅಂತ ತಾಳ್ಮೆಯಿಂದ ಹೇಳಿಕೊಟ್ಟಿರಿ. ಆಮೇಲೆ ಪೆನ್ಸಿಲ್ ತೂರಿಸಿ ನಿಧಾನಕ್ಕೆ ಸುತ್ತಿದಿರಿ.

ತಾತನ ದನಿ ಬಂತು. ನನಗೆ ಅಳು ತಡೆಯಲಾಗಲಿಲ್ಲ. ನೀವು ಫ್ಯಾನ್ ಆರಿಸಿ, ಹಾಡು ಮುಗಿಯುವವರೆಗೂ ಸುಮ್ನೆ ಕೂತಿರಿ. ಪೆನ್‌ಡ್ರೈವ್‌ಗೂ ಹಾಕಿಕೊಟ್ಟಿರಿ. ದುಡ್ಡು ಎಷ್ಟು ಅಂದರೆ, "ಮೊದಲು ಅಜ್ಜಿಗೆ ಕೇಳಿಸಮ್ಮ" ಅಂದಿರಿ.

ಶ್ರೀರಂಗಪಟ್ಟಣ ದಾಟುವವರೆಗೂ ಕ್ಯಾಸೆಟ್ ಕೈಯಲ್ಲೇ ಹಿಡಿದಿದ್ದೆ. ತಿಥಿಯ ದಿನ ಎಲ್ಲರೂ ಕೇಳಿದರು. ಹಾಡಿನ ನಡುವೆ ತಾತ "ಲೇ, ಕಾಫಿ ಕೊಡೇ" ಅಂದದ್ದಕ್ಕೆ ಅಜ್ಜಿ ನಕ್ಕರು. ನಮಗೆ ಅದಕ್ಕಿಂತ ಜಾಸ್ತಿ ಇನ್ನೇನು ಬೇಕಿತ್ತು? ತುಂಬಾ ಥ್ಯಾಂಕ್ಸ್ ಅಣ್ಣ.